ಅಡಿಕೆ ಸುಲಿಯೋ ಮಷಿನ್ ಮಾರ್ಬೇಕು, ಹಳೇ ಸ್ಕೂಟರ್ ತಗೋಬೇಕು: ಆನ್‌ಲೈನ್‌ನಲ್ಲಿ ಎಲ್ಲೆಲ್ಲಿ ಮೋಸ ಆಗತ್ತೆ?

ಹೊಸನಗರ_ಕಡೆಯವ:
ಅಡಿಕೆ ಸುಲಿಯೋ ಮಷಿನ್ ಮಾರಾಟಕ್ಕೆ ಹಾಕಿದೀನಿ, 38,000 ರೂಪಾಯಿ. ಒಬ್ರು ಚೌಕಾಸಿನೂ ಮಾಡದೆ ಒಪ್ಪಿದಾರೆ. ಮಿಲಿಟರಿಲಿ ಇದೀನಿ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿದ್ರೆ ಅಡ್ವಾನ್ಸ್ ಬರತ್ತೆ ಅಂತಾರೆ. ಇನ್ನೊಂದು, ಫೇಸ್‌ಬುಕ್‌ನಲ್ಲಿ ಕೆಎ-15 ನಂಬರಿನ ಸ್ಕೂಟರ್ ಒಂದು 22,000ಕ್ಕೆ ಇದೆ. ಗಾಡಿ ಬೆಂಗಳೂರಲ್ಲಿದೆ, ಸಾಗಾಟದ ಖರ್ಚು ಮೊದಲು ಹಾಕಿ ಅಂತಿದಾರೆ. ನಮ್ಮ ಕಡೆ ಸಿಗ್ನಲ್ ಕತೆ ನಿಮಗೆ ಗೊತ್ತೇ ಇದೆ, ದುಡ್ಡು ಬಂದಿದ್ದು ತಕ್ಷಣ ಗೊತ್ತಾಗಲ್ಲ. ಏನೇನು ನೋಡ್ಕೋಬೇಕು?

ತುಂಗಾ_ದಡ:
ಎರಡನ್ನೂ ಕೈಬಿಡಿ ಮಾರಾಯ್ರೆ. ದುಡ್ಡು ಬರೋಕೆ ಸ್ಕ್ಯಾನ್ ಮಾಡೋದೂ ಬೇಡ, ಪಿನ್ ಒತ್ತೋದೂ ಬೇಡ. ಯುಪಿಐ ಪಿನ್ ಕೇಳ್ತು ಅಂದ್ರೆ ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗ್ತಿದೆ ಅಂತಲೇ ಅರ್ಥ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗೋ ಕಲೆಕ್ಟ್ ರಿಕ್ವೆಸ್ಟನ್ನ (ದುಡ್ಡು ಕೇಳಿ ಕಳಿಸೋ ಕೋರಿಕೆ) ಯುಪಿಐ ನಡೆಸೋ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ, ಆದ್ರೆ ಕ್ಯೂಆರ್ ದಾರಿ ಹಾಗೇ ಇದೆ. ಐಡಿ ಕಾರ್ಡ್, ಯೂನಿಫಾರ್ಮ್ ಫೋಟೋ ಕಳಿಸ್ತಾರೆ. ಅದು ಯಾರದ್ದೋ ಫೋಟೋ, ಹತ್ತು ಜನಕ್ಕೆ ಅದನ್ನೇ ಕಳಿಸಿರ್ತಾರೆ. ಅಡಿಕೆ ಮಷಿನ್ನಿಗೆ ಸಿಂಗಲ್ ಫೇಸಾ, ತ್ರೀ ಫೇಸಾ ಅಂತ ಕೂಡ ಕೇಳದೆ ದುಡ್ಡು ಹಾಕ್ತೀನಿ ಅನ್ನೋನಿಗೆ ಅಡಿಕೆ ಬೇಕಿಲ್ಲ.

ಸ್ಕೂಟರ್‌ದೂ ಅದೇ ರಾಗ. ಮೊದಲು ಸಾಗಾಟ, ಆಮೇಲೆ ಗೇಟ್ ಪಾಸ್, ಆಮೇಲೆ ಜಿಎಸ್‌ಟಿ, "ವಾಪಸ್ ಬರತ್ತೆ" ಅಂತ ಕೇಳ್ತಾನೇ ಹೋಗ್ತಾರೆ. ಗಾಡಿ ಮಾತ್ರ ಬರಲ್ಲ.

ಕ್ಯಾಶ್_ಕೌಂಟರ್:
ಸಿಗ್ನಲ್ ಇಲ್ಲದ ಜಾಗ ಅನ್ನೋದೇ ಅವರಿಗೆ ಅನುಕೂಲ. ಮನೆಗೆ ಬಂದು, ವಸ್ತು ಗಾಡಿಗೆ ಏರಿಸಿ, ಪೇಮೆಂಟ್ ಆಗಿರೋ ಸ್ಕ್ರೀನ್ ತೋರಿಸಿ "ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಮೆಸೇಜ್ ತಡವಾಗಿ ಬರತ್ತೆ" ಅಂತ ಹೊರಟುಬಿಡ್ತಾರೆ. ಹಸಿರು ಟಿಕ್, ಟಿಂಗ್ ಸದ್ದು, ಹನ್ನೆರಡು ಅಂಕಿಯ ಯುಟಿಆರ್ ನಂಬರ್ (ಪೇಮೆಂಟಿನ ಗುರುತಿನ ಸಂಖ್ಯೆ), ಎಲ್ಲಾ ಸೃಷ್ಟಿಸೋ ನಕಲಿ ಆ್ಯಪ್‌ಗಳಿವೆ. ಎಸ್‌ಎಂಎಸ್ ಬಂದ್ರೂ ನೋಡಿ: ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿನಿಂದ "ಕ್ರೆಡಿಟೆಡ್" ಅಂತ ಬಂದಿದ್ರೆ ಅದು ಬ್ಯಾಂಕಿನದ್ದಲ್ಲ.

ನಂಬಬೇಕಾದ್ದು ನಿಮ್ಮ ಖಾತೆಯ ಬ್ಯಾಲೆನ್ಸ್ ಒಂದನ್ನೇ. ಇಂಟರ್‌ನೆಟ್ ಇಲ್ಲದೆ ಕರೆಗೆ ಸಿಗೋಷ್ಟು ಸಿಗ್ನಲ್ ಇದ್ರೆ, ಬ್ಯಾಂಕಿಗೆ ಕೊಟ್ಟಿರೋ ಸಿಮ್ಮಿನಿಂದ *99# ಡಯಲ್ ಮಾಡಿ ನೋಡಬಹುದು. ಎಲ್ಲಾ ಸಿಮ್ಮಲ್ಲೂ ನಡೆಯಲ್ಲ, ವ್ಯಾಪಾರದ ಹಿಂದಿನ ದಿನವೇ ಪರೀಕ್ಷೆ ಮಾಡಿಟ್ಕೊಳ್ಳಿ. ಬ್ಯಾಲೆನ್ಸ್ ನೋಡೋಕೂ ಪಿನ್ ಬೇಕು, ಆದ್ರೆ ಅದು ನೀವೇ ಶುರು ಮಾಡಿದ್ದು. ಇಲ್ಲದಿದ್ರೆ ನಗದು ತಗೊಳ್ಳಿ, ಎಣಿಸಿ, ಆಮೇಲೆ ಮಷಿನ್ ಎತ್ತಲಿ.

ಇನ್ನೊಂದು, ಜನ ಗಮನಿಸದೇ ಇರೋದು. ಕೊಳ್ಳೋನ ಹೆಸರೇ ಬೇರೆ, ದುಡ್ಡು ಬಂದ ಖಾತೆಯ ಹೆಸರೇ ಬೇರೆ ಆಗಿದ್ರೆ ತಗೋಬೇಡಿ. ಅದು ಇನ್ಯಾರಿಗೋ ಮೋಸ ಮಾಡಿದ ದುಡ್ಡಾಗಿದ್ರೆ, ಅವರು ದೂರು ಕೊಟ್ಟಾಗ ಪೊಲೀಸರು ನಿಮ್ಮ ಖಾತೆಯನ್ನೂ ಫ್ರೀಜ್ ಮಾಡಿಸ್ತಾರೆ. "ತಪ್ಪಿ ಜಾಸ್ತಿ ಹಾಕಿದೆ, ಈ ನಂಬರಿಗೆ ವಾಪಸ್ ಹಾಕಿ" ಅಂದ್ರೂ ಹಾಕ್ಬೇಡಿ, ನಿನ್ನ ಬ್ಯಾಂಕಿಗೆ ಹೇಳ್ಕೋ ಅನ್ನಿ.

ಆರ್‌ಟಿಒ_ಮೂಲೆ:
ಸ್ಕೂಟರ್ ಬಗ್ಗೆ ನಾನು ಹೇಳ್ತೀನಿ. ಕೆಎ-15 ಅಂದ್ರೆ ಸಾಗರದ ನೋಂದಣಿ. ಗಾಡಿ ಬೆಂಗಳೂರಲ್ಲಿರಬಾರ್ದು ಅಂತೇನಿಲ್ಲ, ಆದ್ರೆ ಕಣ್ಣಾರೆ ನೋಡದೆ ಒಂದು ರೂಪಾಯಿನೂ ಬೇಡ. ನಂಬರನ್ನ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಮಾಲೀಕರ ಹೆಸರು ಪೂರ್ತಿ ತೋರ್ಸಲ್ಲ, ಆದ್ರೂ ಮಾಡೆಲ್, ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲಾ ಸಿಗತ್ತೆ. ಆರ್‌ಸಿಲಿ ಫೈನಾನ್ಸ್ ಹೆಸರಿದ್ರೆ "ಲೋನ್ ತೀರಿದೆ" ಅನ್ನೋ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಫಾರಂ 35 ಬೇಕು, ಆರ್‌ಸಿಲಿರೋ ಸಾಲದ ನಮೂದು (ಎಚ್‌ಪಿ) ತೆಗೆಸದೆ ನಿಮ್ಮ ಹೆಸರಿಗೆ ಆಗಲ್ಲ.

ಗಾಡಿ ಎದುರಿಗಿದ್ದಾಗ ಚಾಸಿ ನಂಬರ್ ಹುಡುಕಿ. ಮಲೆನಾಡ ಗಾಡಿಲಿ ಅದ್ರ ಮೇಲೆ ತುಕ್ಕು, ಕೆಸರು ಕೂತಿರತ್ತೆ. ಸೀಮೆಎಣ್ಣೆ ಬಟ್ಟೆಲಿ ಒರೆಸಿ, ಒಂದೊಂದೇ ಅಕ್ಷರ ಆರ್‌ಸಿ ಜೊತೆ ಹೋಲಿಸಿ. ಅಕ್ಷರಗಳ ಆಳ ಒಂದೇ ಸಮ ಇಲ್ದಿದ್ರೆ, ಸುತ್ತ ಗ್ರೈಂಡಿಂಗ್ ಗುರುತು ಇದ್ರೆ ಅಲ್ಲಿಂದ ವಾಪಸ್ ಬನ್ನಿ. ಎಂಜಿನ್ ನಂಬರೂ ಹಾಗೇ.

ನೀವು ಗಾಡಿ ಮಾರೋವಾಗ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಕೊಡಬೇಡಿ. ಹೆಸರು ವರ್ಗಾವಣೆ ಆಗೋವರೆಗೂ ಅಪಘಾತದ ಪರಿಹಾರಕ್ಕೆ ಹೊಣೆ ನೋಂದಾಯಿತ ಮಾಲೀಕನದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ರಾಜ್ಯದೊಳಗಿನ ಮಾರಾಟವನ್ನ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆಧಾರ್ ಜೆರಾಕ್ಸ್ ಕೊಟ್ರೆ ಅದರ ಮೇಲೆ ಅಡ್ಡಡ್ಡ "ಇಂಥ ನಂಬರಿನ ಗಾಡಿ ವರ್ಗಾವಣೆಗೆ ಮಾತ್ರ" ಅಂತ ಬರೆದು ತಾರೀಕು ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಯಾರಾದ್ರೂ "ಚಲನ್" ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಕಳಿಸಿದ್ರೆ ಮುಟ್ಟಬೇಡಿ, ಅದು ನಿಮ್ಮ ಓಟಿಪಿ ಓದೋಕೆ ಬಂದಿದ್ದು.

ಹೊಸನಗರ_ಕಡೆಯವ:
ಮಷಿನ್ ನೋಡೋಕೆ ಜನ ಮನೆಗೇ ಬರಬೇಕಲ್ಲ, ಪೇಟೆಗೆ ಹೊತ್ಕೊಂಡು ಹೋಗೋಕಾಗಲ್ಲ. ಮತ್ತೆ, ಅಕಸ್ಮಾತ್ ದುಡ್ಡು ಹೋದ್ರೆ?

ತುಂಗಾ_ದಡ:
ಬರಲಿ, ಹಗಲು ಹೊತ್ತು, ಮನೇಲಿ ಇನ್ನೊಬ್ಬರು ಇರೋವಾಗ. ಜಾಹೀರಾತಿಗೆ ಊರಿನ ಹೆಸರು ಸಾಕು, ಲೊಕೇಶನ್ ಹಾಕಬೇಡಿ. ನಿಜವಾದ ಗಿರಾಕಿ ಒಂದು ಬುಟ್ಟಿ ಅಡಿಕೆ ಹಾಕಿ ಓಡಿಸಿ ತೋರ್ಸಿ ಅಂತಾನೆ, ಎಷ್ಟು ಕಾಯಿ ಒಡೀತಿದೆ ನೋಡ್ತಾನೆ, ಮೋಟಾರ್ ಪ್ಲೇಟ್ ಓದ್ತಾನೆ. ಫೋನ್, ಲ್ಯಾಪ್‌ಟಾಪ್ ಥರದ್ದಾದ್ರೆ ಬಸ್‌ಸ್ಟ್ಯಾಂಡಲ್ಲಿ ಭೇಟಿ ಮಾಡಿ. ಫೋನ್ ಕೊಳ್ಳೋರು *#06# ಒತ್ತಿ ಐಎಂಇಐ (ಫೋನಿನ ಗುರುತಿನ ನಂಬರ್) ನೋಡಿ, ಇಂಗ್ಲಿಷಿನಲ್ಲಿ KYM ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆಗಿದ್ರೆ ಗೊತ್ತಾಗತ್ತೆ.

ಕ್ಯಾಶ್_ಕೌಂಟರ್:
ದುಡ್ಡು ಹೋದ್ರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ದೂರು ಬೇಗ ದಾಖಲಾದ್ರೆ ಹಣ ಮುಂದಿನ ಖಾತೆಗೆ ದಾಟೋ ಮೊದಲು ತಡೆಯೋಕಾಗತ್ತೆ, ಎಟಿಎಂನಿಂದ ತೆಗೆದಮೇಲೆ ಕಷ್ಟ. ಯುಟಿಆರ್ ನಂಬರ್, ಮೊತ್ತ, ಸಮಯ, ಅವನ ನಂಬರ್ ಬರೆದಿಟ್ಕೊಂಡೇ ಫೋನ್ ಮಾಡಿ. ಚಾಟ್ ಡಿಲೀಟ್ ಮಾಡಬೇಡಿ. ಆಮೇಲೆ ಬ್ಯಾಂಕಿಗೆ, ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣೆಗೆ. ಮೂರು ದಿನದಲ್ಲಿ ಹೇಳಿದ್ರೆ ಬ್ಯಾಂಕ್ ಪೂರ್ತಿ ಕೊಡತ್ತೆ ಅಂತ ಕೆಲವರು ಅಂತಾರೆ. ಅದು ನಿಮ್ಮ ತಪ್ಪಿಲ್ಲದೆ ಹಣ ಹೋದಾಗ. ನೀವೇ ಪಿನ್ ಒತ್ತಿದ್ರೆ ಆ ನಿಯಮ ಕೈ ಹಿಡಿಯಲ್ಲ.