ಕಾರ್ಡ್‌ಲೆಸ್ ವ್ಯಾಕ್ಯೂಮ್ ಮೋಟರ್: ಇಂಪೆಲ್ಲರ್ ಶಾಫ್ಟ್ ಬಿಟ್ಟು ಬರ್ತಿಲ್ಲ, ಬಿಚ್ಚಿದವರು ಯಾರಾದ್ರೂ ಇದ್ದೀರಾ?

ತಿರುಪುಳಿ_ಹಾಸನ
ಸಾಕಾಗಿ ಹೋಗಿದೆ. ಸ್ಟಿಕ್ ಮಾದರಿಯ ಕಾರ್ಡ್‌ಲೆಸ್ ವ್ಯಾಕ್ಯೂಮ್. ಟ್ರಿಗರ್ ಒತ್ತಿದರೆ ಸ್ಪೀಡ್ ಏರುತ್ತೆ, ಕಿವಿ ಕೊರೆಯೋ ಹಾಗೆ ಕೀರಲು ಶಬ್ದ ಬರುತ್ತೆ, ಎರಡು ಮೂರು ಸೆಕೆಂಡಿಗೆ ಆಫ್. ಆಮೇಲೆ ಕೆಂಪು ಲೈಟ್ ಮಿಣುಕುತ್ತೆ. ವಾರಂಟಿ ಮುಗಿದಿದೆ. ಸರ್ವಿಸ್ ಸೆಂಟರಿನವರು ಮೋಟರ್ ಇರೋ ಬಾಡಿ ಪೂರ್ತಿ ಬದಲಾಯಿಸಬೇಕು ಅಂತಾರೆ. ಅವರು ಹೇಳೋ ರೇಟಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತೆ.

ಹಾಗಾಗಿ ನಾನೇ ಬಿಚ್ಚಿದೆ. ಟಿ8 ಸ್ಟಾರ್ ಬಿಟ್ಟಲ್ಲಿ ಹೊರಗಿನ ಸ್ಕ್ರೂ ಎಲ್ಲ ಬಂತು. ರಬ್ಬರ್ ಬುಷ್ ಒಳಗಿಂದ ಮೋಟರ್ ಈಚೆಗೆ ಬಂತು. ಮುಂದಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಮೂರು ಕಡೆ ಗಮ್ ಇತ್ತು, ಹೇರ್ ಡ್ರೈಯರ್ ಹಿಡಿದು ಬಿಡಿಸಿದೆ. ಈಗ ಗಾಳಿ ಎಳೆಯೋ ಅಲ್ಯೂಮಿನಿಯಂ ರೆಕ್ಕೆ ಚಕ್ರ, ಅಂದ್ರೆ ಇಂಪೆಲ್ಲರ್, ಕಾಣುತ್ತೆ. ನಟ್ ಇಲ್ಲ, ಸರ್ಕ್ಲಿಪ್ ಇಲ್ಲ. ಮಧ್ಯದಲ್ಲಿ ಶಾಫ್ಟಿನ ತುದಿ ಮಾತ್ರ. ಮಿಕ್ಸಿ ಕಪ್ಲರ್ ಥರ ಉಲ್ಟಾ ಥ್ರೆಡ್ಡಾ ಇದು? ಹೇಗೆ ತೆಗೆಯೋದು ಅಷ್ಟು ಹೇಳಿ.

ವೈಂಡಿಂಗ್_ಬಸಣ್ಣ
ತಡೀರಿ ಸರ, ಎಲ್ಲಾ ಬಿಚ್ಚಿ ಹಾಳ ಮಾಡಬ್ಯಾಡ್ರಿ. ಎರಡು ಮೂರು ಸೆಕೆಂಡಿಗೆ ಆಫ್ ಆಗತೈತಿ ಅಂದ್ರ ಅದು ಬ್ಯಾಟರಿ. ಇಂಥಾ ಮಷಿನ್ ಒಳಗ ಹೆಚ್ಚಾಗಿ 18650 ಅನ್ನೂ ಲಿಥಿಯಂ ಸೆಲ್ ಆರು ಸೀರೀಸ್ ಇರ್ತಾವು, 21.6 ವೋಲ್ಟ್. ಫುಲ್ ಚಾರ್ಜ್ ಇದ್ರ 25.2. ಆರರಾಗ ಒಂದು ಸೆಲ್ ಸೋತಿದ್ರೂ ಲೋಡ್ ಬಿದ್ದ ಕೂಡ್ಲೆ ಅದರ ವೋಲ್ಟೇಜ್ ಕುಸಿತೈತಿ, ಬ್ಯಾಟರಿ ಕಾಯೂ ಸರ್ಕ್ಯೂಟ್, ಅಂದ್ರ ಬಿಎಂಎಸ್, ಕಟ್ ಮಾಡತೈತಿ. ಮೊದ್ಲು ಬ್ಯಾಟರಿ ನೋಡ್ರಿ.

ತಿರುಪುಳಿ_ಹಾಸನ
ಬಸಣ್ಣ, ಬ್ಯಾಟರಿ ಚೆನ್ನಾಗಿದೆ. ನಾನು ಕೇಳಿದ್ದು ಇಂಪೆಲ್ಲರ್ ಬಗ್ಗೆ.

ಉಡುಪಿ_ಟೂಲ್‌ಬಾಕ್ಸ್
ಕಾರ್ಬನ್ ಬ್ರಶ್ ಸವೆದಿರಬೇಕು ಮಾರಾಯ್ರೆ. ಇಲ್ಲದಿದ್ರೆ ಡಬ್ಲ್ಯುಡಿ-40 ಹೊಡೆದು ನೋಡಿ, ಕೀರಲು ಶಬ್ದ ನಿಲ್ತದೆ. ನಮ್ಮನೆ ಹೊಲಿಗೆ ಮಷೀನಿಗೆ, ಫ್ಯಾನಿಗೆ ಎಲ್ಲ ನಾನು ಅದೇ ಹೊಡೆಯುವುದು.

ಸುಮಾ_ಪೀಣ್ಯ
ಇದು ಬ್ರಶ್‌ಲೆಸ್ ಮೋಟರ್, ಕಾರ್ಬನ್ ಇರೋದೇ ಇಲ್ಲ. ಡಬ್ಲ್ಯುಡಿ-40 ಖಂಡಿತ ಬೇಡ. ಬೇರಿಂಗ್ ಒಳಗಿರೋ ಗ್ರೀಸನ್ನ ಅದು ತೆಳ್ಳಗೆ ಮಾಡಿ ಹರಿಸಿಬಿಡುತ್ತೆ. ಲಕ್ಷ ಸುತ್ತಿನ ಹತ್ತಿರ ತಿರುಗೋ ಬೇರಿಂಗು ಒಣಗಿದರೆ ಎಷ್ಟು ಹೊತ್ತು ಬಾಳೀತು?

ತಿರುಪುಳಿಯವರೇ, ಥ್ರೆಡ್ ಇಲ್ಲ, ತಿರುಗಿಸೋಕೆ ಹೋಗಬೇಡಿ. ಶಾಫ್ಟಿಗೆ ಇಂಪೆಲ್ಲರ್ ಪ್ರೆಸ್ ಫಿಟ್, ಅಂದ್ರೆ ಒತ್ತಿ ಬಿಗಿಯಾಗಿ ಕೂರಿಸಿದ್ದು, ಜೊತೆಗೆ ರಿಟೇನಿಂಗ್ ಗಮ್ ಹಾಕಿರ್ತಾರೆ. ಸ್ಕ್ರೂಡ್ರೈವರ್ ತುದಿ ಹಾಕಿ ರೆಕ್ಕೆ ಮೀಟೋದಂತೂ ಬೇಡವೇ ಬೇಡ. ನಾನು ಸ್ಪಿಂಡಲ್ ಬ್ಯಾಲೆನ್ಸಿಂಗ್ ಮಾಡೋ ಶಾಪಲ್ಲಿ ಕೆಲಸ ಮಾಡ್ತೀನಿ. ಲೆಕ್ಕ ನೋಡಿ: ನಿಮಿಷಕ್ಕೆ 1,00,000 ಸುತ್ತು, ಮಧ್ಯದಿಂದ 2 ಸೆಂಟಿಮೀಟರ್ ದೂರದಲ್ಲಿ 1 ಮಿಲಿಗ್ರಾಂ ತೂಕ ಹೆಚ್ಚು ಕಡಿಮೆ ಆದರೆ ಶಾಫ್ಟನ್ನ ಪಕ್ಕಕ್ಕೆ ಎಳೆಯೋ ಬಲ ಸುಮಾರು 220 ಗ್ರಾಂ. ರೆಕ್ಕೆ ಒಂದು ಕೂದಲೆಳೆಯಷ್ಟು ಬಾಗಿದರೂ ಬೇರಿಂಗ್ ಕಥೆ ಮುಗೀತು. ಡೈಸನ್ 2018ರಲ್ಲಿ ವಿ10 ತಂದಾಗ 1,25,000 ಸುತ್ತು ಅಂತ ಹೇಳಿತ್ತು. ಈಗ ಬೇರೆ ಬೇರೆ ಬ್ರ್ಯಾಂಡಿನವೂ ಅದೇ ಆಸುಪಾಸಲ್ಲಿ ತಿರುಗ್ತವೆ. ಮಿಕ್ಸಿ ಮೋಟರಿನ ಅನುಭವ ಇಲ್ಲಿ ಕೆಲಸಕ್ಕೆ ಬರಲ್ಲ.

ಬಿಚ್ಚೋ ಮೊದಲು ಎರಡು ವಿಷಯ ಹೇಳಿ. ಬ್ಯಾಟರಿ ತೆಗೆದಿಟ್ಟು ಇಂಪೆಲ್ಲರನ್ನ ಬೆರಳಲ್ಲಿ ನಿಧಾನಕ್ಕೆ ತಿರುಗಿಸಿದರೆ ಹೇಗನಿಸುತ್ತೆ? ಆಯಸ್ಕಾಂತಕ್ಕೆ ಸಿಕ್ಕಿ ಒಂದೆರಡು ಕಡೆ ತಡೆದು ಟಕ್ ಅಂತ ಮುಂದೆ ಹೋಗೋದು ಸಹಜ. ಮರಳು ಅರೆದ ಹಾಗೆ ಅನಿಸಿದರೆ ಬೇರಿಂಗ್. ಎರಡನೇದು, ಇದರಲ್ಲಿ ಎಂಥ ಧೂಳು ಎಳೀತಿದ್ರಿ?

ಉಡುಪಿ_ಟೂಲ್‌ಬಾಕ್ಸ್
ಮೇಡಂ, ಡಬ್ಲ್ಯುಡಿ-40 ಬೇಡ ಅಂತ ಹೇಳುವವರು ತುಂಬ ಜನ ಉಂಟು. ನನ್ನ ಯಾವ ಮಷೀನೂ ಅದರಿಂದ ಹಾಳಾಗಿಲ್ಲ.

ಸುಮಾ_ಪೀಣ್ಯ
ಹೊಲಿಗೆ ಮಷೀನಿಗೂ ಅದಕ್ಕಂತಲೇ ಬರೋ ಎಣ್ಣೆ ಹಾಕೋದು ಒಳ್ಳೇದು. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ವೈಂಡಿಂಗ್_ಬಸಣ್ಣ
ಬ್ಯಾಟರಿ ಚಲೋ ಐತಿ ಅಂತ ಹೆಂಗ ಗೊತ್ತಾತ್ರಿ? ಸುಮ್ನ ಮೀಟರ್ ಹಚ್ಚಿದ್ರ ಸತ್ತ ಸೆಲ್ಲೂ 4 ವೋಲ್ಟ್ ತೋರಸ್ತೈತಿ. ಲೋಡ್ ಮ್ಯಾಲೆ ಎಷ್ಟು ಬಂತು ಹೇಳ್ರಿ.

ತಿರುಪುಳಿ_ಹಾಸನ
ಬ್ಯಾಟರಿ ಹೋದ ವರ್ಷ ಹಾಕಿಸಿದ್ದು, ಹೊಸದು. ಕಂಪನಿದಲ್ಲ, ಆನ್‌ಲೈನಲ್ಲಿ ಸಿಗೋದು. ಚಾರ್ಜ್ ಚೆನ್ನಾಗಿ ನಿಲ್ತಿತ್ತು. ಮೀಟರಲ್ಲಿ 24.9 ಇದೆ. ಟ್ರಿಗರ್ ಒತ್ತಿ ನೋಡಿದಾಗ 17ಕ್ಕೆ ಬಂದು ಆಫ್ ಆಯ್ತು.

ಸುಮಾ ಮೇಡಂ, ತಿರುಗಿಸಿದರೆ ಕರಕರ ಅನ್ನುತ್ತೆ. ಧೂಳು ಅಂದ್ರೆ ಮಾಮೂಲಿ ಮನೆ ಧೂಳು. ಹೊಸ ಮನೆ, ಗೃಹಪ್ರವೇಶಕ್ಕೆ ಮುಂಚೆ ಪೇಂಟಿನವರು ಗೋಡೆಗೆ ಪುಟ್ಟಿ ಉಜ್ಜಿದ್ದರು, ಆ ಪುಡಿಯನ್ನ ಇದರಲ್ಲೇ ಎಳೆದಿದ್ದು. ಫಿಲ್ಟರ್ ಬೇಗ ಕಟ್ಟಿಕೊಳ್ತಿತ್ತು, ತೊಳೆದು ಹಾಕ್ತಿದ್ದೆ. ಅದು ಒಣಗೋವರೆಗೆ ಹಾಗೇ ಓಡಿಸಿದ್ದೂ ಉಂಟು. ಮಷೀನ್ ಇರೋದೇ ಧೂಳು ಎಳೆಯೋಕಲ್ವಾ?

ವೈಂಡಿಂಗ್_ಬಸಣ್ಣ
17! ಮೊದಲೇ ಹೇಳಿದ್ನೆಲ್ಲಾ. ಬ್ಯಾಟರೀನ.

ಸುಮಾ_ಪೀಣ್ಯ
ಬಸಣ್ಣನವರೇ, ಬೇರಿಂಗ್ ಬಿಗಿಯಾಗಿದ್ದರೂ ವೋಲ್ಟೇಜ್ ಹೀಗೇ ಕುಸಿಯುತ್ತೆ. ಶಾಫ್ಟ್ ಸರಾಗ ತಿರುಗದೇ ಇದ್ದರೆ ಮೋಟರ್ ಮಿತಿ ಮೀರಿ ಕರೆಂಟ್ ಎಳೆಯುತ್ತೆ. 17 ವೋಲ್ಟ್ ಅಂದ ಮಾತ್ರಕ್ಕೆ ತಪ್ಪು ಬ್ಯಾಟರಿದೋ ಮೋಟರಿದೋ ಗೊತ್ತಾಗಲ್ಲ.

ಆದರೆ ಪುಟ್ಟಿ ಅಂದ್ರಲ್ಲ, ನನಗೆ ಅಲ್ಲೇ ಉತ್ತರ ಸಿಕ್ತು. ಗೋಡೆ ಪುಟ್ಟಿಯಲ್ಲಿ ಸಾಮಾನ್ಯವಾಗಿ ಬಿಳಿ ಸಿಮೆಂಟ್ ಇರುತ್ತೆ. ಪುಡಿ ಬಹಳ ನುಣುಪು, ಗಾಳಿ ಸುತ್ತಿಸಿ ಧೂಳು ಬೇರೆ ಮಾಡೋ ಸೈಕ್ಲೋನಿನಲ್ಲಿ ಪೂರ್ತಿ ನಿಲ್ಲಲ್ಲ, ಅದನ್ನ ತಡೆಯೋದು ಫಿಲ್ಟರೇ. ಫಿಲ್ಟರ್ ಇಲ್ಲದೆ ಓಡಿಸಿದಾಗ ಅದು ನೇರ ಮೋಟರಿಗೆ ಹೋಗುತ್ತೆ, ತೇವ ತಗುಲಿದರೆ ಅಲ್ಲೇ ಗಟ್ಟಿಯಾಗುತ್ತೆ. ಇಂಪೆಲ್ಲರ್ ಹಿಂಭಾಗದಲ್ಲಿ ಬಿಳಿ ಹೊಪ್ಪಳಿಕೆ ಇದೆಯಾ, ಟಾರ್ಚ್ ಬಿಟ್ಟು ನೋಡಿ. ಮುಚ್ಚಳದ ಒಳಮೈಯಲ್ಲಿ ಉಂಗುರದ ಹಾಗೆ ಗೀರು ಇದೆಯಾ ಅದನ್ನೂ ನೋಡಿ.

ವೈಂಡಿಂಗ್_ಬಸಣ್ಣ
ಆತು, ವಾದ ಬ್ಯಾಡ, ಟೆಸ್ಟ್ ಮಾಡೂಣು. ಲಾರಿ ಹೆಡ್‌ಲೈಟ್ ಬಲ್ಬ್ ಸಿಗತಾವಲ್ಲ, 24 ವೋಲ್ಟ್ 70 ವ್ಯಾಟಿಂದು, ಮೂರು ತೊಗೊಳ್ರಿ. ಮೋಟರ್ ಬಿಟ್ಟು ಬ್ಯಾಟರಿಗೆ ಅವನ್ನ ಪ್ಯಾರಲಲ್ ಹಚ್ರಿ. ಒಮ್ಮೆಲೆ ಹಚ್ಚಬ್ಯಾಡ್ರಿ, ಒಂದರ ಹಿಂದ ಒಂದು. ತಣ್ಣಗಿದ್ದ ಫಿಲಮೆಂಟ್ ಸುರುವಿಗೆ ಭಾಳ ಕರೆಂಟ್ ಎಳೀತೈತಿ, ಬಿಎಂಎಸ್ ಸುಮ್ಮನ ಟ್ರಿಪ್ ಆಗಬಹುದು. ಮೂರೂ ಹತ್ತಿದ ಮ್ಯಾಲೆ ಎಂಟೊಂಬತ್ತು ಆಂಪಿಯರ್ ಆಗತೈತಿ. ಒಂದು ನಿಮಿಷ ಬಿಟ್ಟು ವೋಲ್ಟೇಜ್ ನೋಡ್ರಿ. ವೈರ್ ದಪ್ಪಂದು ಇರ್ಲಿ. ಬಲ್ಬ್ ಗಾಜು ಮುಟ್ಟಬ್ಯಾಡ್ರಿ, ಕೈ ಸುಡತೈತಿ.

ಸ್ಟುಟ್‌ಗಾರ್ಟ್_ಮಂಜು
ಒಂದು ವಿಷಯ ಸೇರಿಸ್ತೀನಿ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ವ್ಯಾಕ್ಯೂಮ್ ಮೋಟರ್ ಕನಿಷ್ಠ 500 ಗಂಟೆ ಬಾಳಬೇಕು ಅನ್ನೋ ನಿಯಮ ಇದೆ. ಬ್ಯಾಟರಿಯಲ್ಲಿ ಓಡೋ ವ್ಯಾಕ್ಯೂಮನ್ನ ಮಾತ್ರ ಅದರಿಂದ ಹೊರಗಿಟ್ಟರು. ಅದಕ್ಕೇ ನಾನು ಮನೆಗೆ ಕಾರ್ಡ್ ಇರೋದನ್ನೇ ತಗೊಂಡೆ. ನೆಲಮಾಳಿಗೆಯ ವರ್ಕ್‌ಶಾಪಿಗೆ ಬೇರೆ ಧೂಳು ಎಕ್ಸ್‌ಟ್ರಾಕ್ಟರ್ ಇದೆ, ಮಧ್ಯಮ ಅಪಾಯದ ಧೂಳಿಗೆ ಅಂತಿರೋ ಎಂ ಕ್ಲಾಸ್, ಅದೇ ಫಿಲ್ಟರ್ ಅಲುಗಾಡಿಸಿ ಧೂಳು ಉದುರಿಸಿಕೊಳ್ಳುತ್ತೆ. ಟೇಬಲ್ ಸಾ ಆನ್ ಮಾಡಿದರೆ ಅದೂ ತಾನಾಗೇ ಆನ್ ಆಗುತ್ತೆ. ಫೋಟೋ ಹಾಕಿದ್ದೀನಿ.

ಉಡುಪಿ_ಟೂಲ್‌ಬಾಕ್ಸ್
ಚಂದ ಉಂಟು ಮಂಜಣ್ಣ. ಅಷ್ಟು ದುಡ್ಡು ಹಾಕದೆಯೂ ಆಗ್ತದೆ. ನನ್ನ ಮರದ ಶೆಡ್ಡಿನಲ್ಲಿ 20 ಲೀಟರಿನ ಪೇಂಟ್ ಬಕೆಟ್ಟಿನ ಮುಚ್ಚಳಕ್ಕೆ ಪ್ಲಾಸ್ಟಿಕ್ ಸೈಕ್ಲೋನ್ ಕೂರಿಸಿದ್ದೇನೆ, ಹಿಂದೆ 1,400 ವ್ಯಾಟಿನ ವೈರ್ ವ್ಯಾಕ್ಯೂಮ್. ಹಲಸಿನ ಮರದ ಪುಡಿ ಹೆಚ್ಚುಕಡಿಮೆ ಎಲ್ಲ ಬಕೆಟ್ಟಿನಲ್ಲೇ ನಿಲ್ತದೆ. ಪುಟ್ಟಿ ಎಳೆಯುವವರು ಇಂಥದ್ದೇ ಮಾಡಿಕೊಳ್ಳಬೇಕು.

ಸ್ಟುಟ್‌ಗಾರ್ಟ್_ಮಂಜು
ಬಕೆಟ್ ಒಳಕ್ಕೆ ಕುಗ್ಗಲ್ವಾ? ನನ್ನ ಮೊದಲನೇ ಬಕೆಟ್ ನಳಿಕೆ ಕಟ್ಟಿಕೊಂಡಾಗ ಚಪ್ಪಟೆ ಆಯ್ತು.

ಉಡುಪಿ_ಟೂಲ್‌ಬಾಕ್ಸ್
ಒಂದರೊಳಗೆ ಒಂದು ಹಾಕಿ ಎರಡು ಬಕೆಟ್ ಇಡಿ. ಆಮೇಲೆ ಕುಗ್ಗುವುದಿಲ್ಲ.

ತಿರುಪುಳಿ_ಹಾಸನ
ಬಕೆಟ್ ಚರ್ಚೆ ಬೇರೆ ಕಡೆ ಮಾಡಿ ದಯವಿಟ್ಟು. ನನ್ನ ಮೇಜಿನ ಮೇಲೆ ಮೋಟರ್ ಬಿಚ್ಚಿ ಬಿದ್ದಿದೆ.

ಬಲ್ಬ್ ಟೆಸ್ಟ್ ಮಾಡಿದೆ, ಲಾರಿ ಗ್ಯಾರೇಜಿನವರು ಹಳೇ ಬಲ್ಬ್ ಕೊಟ್ಟರು. ಮೂರೂ ಹತ್ತಿಸಿ ಒಂದು ನಿಮಿಷ ಆದ ಮೇಲೂ 22.6 ವೋಲ್ಟ್, ಕಟ್ ಆಗಲಿಲ್ಲ. ಮುಚ್ಚಳದ ಒಳಗೆ ಅರ್ಧ ಸುತ್ತು ಹೊಳೆಯೋ ಗೀರು ಇದೆ. ಇಂಪೆಲ್ಲರ್ ಹಿಂದೆ ಬೂದು ಬಿಳಿ ಪದರ, ಹಂಡೆ ತಳದ ಗಸಿ ಥರ ಕಚ್ಚಿಕೊಂಡಿದೆ. ಉಗುರಲ್ಲಿ ಕೆರೆದರೆ ಒಂದು ಕಡೆ ಚಕ್ಕೆ ಎದ್ದು ಬಂತು, ಉಳಿದಲ್ಲಿ ಕದಲಲಿಲ್ಲ.

ವೈಂಡಿಂಗ್_ಬಸಣ್ಣ
22.6 ಅಂದ್ರ ಬ್ಯಾಟರಿ ಪಾಸ್. ಬೂಸ್ಟ್ ಮೋಡ್ ಒಳಗ 350 ವ್ಯಾಟ್ ಇದ್ರ 16 ಆಂಪಿಯರ್ ಆಗತೈತಿ, ಅಷ್ಟಕ್ಕ ಇದು ಸಾಲ್ತೈತೋ ಇಲ್ಲೋ ಆಮೇಲೆ ನೋಡೂಣು. ಈಗ ಮೋಟರ್ ಬಿಚ್ರಿ.

ಇಂಪೆಲ್ಲರ್ ತಗಿಯೂದು ಹಿಂಗ. ಹಿಂದಿನ ಬೋರ್ಡಿಗೆ ಎಷ್ಟು ವೈರ್ ಹೋಗ್ಯಾವ?

ತಿರುಪುಳಿ_ಹಾಸನ
ಮೂರು.

ವೈಂಡಿಂಗ್_ಬಸಣ್ಣ
ಹಂಗಾರ ತ್ರೀ ಫೇಸ್. ಫೋಟೋ ತಗದಿಟ್ಟು ಮೂರೂ ಡಿಸೋಲ್ಡರ್ ಮಾಡ್ರಿ, ಬೋರ್ಡ್ ಬರತೈತಿ. ಹಿಂದಿನ ಬ್ರ್ಯಾಕೆಟ್ ತಗದ್ರ ಹಿಂದಿನ ಬೇರಿಂಗ್ ಕಾಣತೈತಿ. ಮುಂದ ಇಂಪೆಲ್ಲರಿಗೂ ಬಾಡಿಗೂ ನಡುವ ಸಂದಿ ಸಣ್ಣದು, ಪುಲ್ಲರ್ ಕಾಲು ಹೋಗಂಗಿಲ್ಲ. ಅದಕ್ಕ ಎರಡು ಹ್ಯಾಕ್ಸಾ ಬ್ಲೇಡ್ ತುಂಡು ತೊಗೊಂಡು, ಶಾಫ್ಟ್ ಕೂಡುವಂಗ ಅರ್ಧಚಂದ್ರ ಅರ ಹೊಡೀರಿ. ಎರಡೂ ಕಡೆಯಿಂದ ಇಂಪೆಲ್ಲರ್ ಕೆಳಗ ತೂರ್ಸಿ, ಬ್ಲೇಡನ್ನ ವೈಸ್ ಮ್ಯಾಲೆ ಕೂರ್ಸ್ರಿ. ಶಾಫ್ಟ್ ತುದಿಗೆ ಸೋಲ್ಡರಿಂಗ್ ಐರನ್ ಹಿಡದು ಬಿಸಿ ಮಾಡ್ರಿ, ಗಮ್ ಮೆತ್ತಗಾಗತೈತಿ. ಆಮೇಲೆ ಶಾಫ್ಟಿಗಿಂತ ಸಣ್ಣ ಪಿನ್ ಇಟ್ಟು ಸುತ್ತಿಗಿಲೆ ಒಂದು ಏಟು. ಶಾಫ್ಟ್ ಹಿಂದಕ್ಕ ಜಾರತೈತಿ.

ಸುಮಾ_ಪೀಣ್ಯ
ವಿಧಾನ ಸರಿ, ಸುತ್ತಿಗೆ ಬೇಡ. ಏಟು ಬಿದ್ದರೆ ಬೇರಿಂಗಿನ ಗುಂಡುಗಳು ದಾರಿಯಲ್ಲಿ ಗುಳಿ ಮಾಡ್ತವೆ.

ವೈಂಡಿಂಗ್_ಬಸಣ್ಣ
ಮೇಡಂ, ಬೇರಿಂಗ್ ಹೆಂಗೂ ಒಗಿಯೂದೈತಿ. ಗುಳಿ ಬಿದ್ರೇನು?

ಸುಮಾ_ಪೀಣ್ಯ
ಬೇರಿಂಗ್ ಎಸೆಯೋಣ, ಆಯಸ್ಕಾಂತ ಎಸೆಯೋಕಾಗಲ್ಲ. ರೋಟರಿನ ನಿಯೋಡಿಮಿಯಂ ಪಿಂಗಾಣಿಯಷ್ಟೇ ಪೆಡಸು. ಬಿರುಕು ಬಿಟ್ಟರೆ ಆ ವೇಗದಲ್ಲಿ ಒಡೆದು ಚೂರಾಗುತ್ತೆ. ವೈಸ್ ದವಡೆಯಲ್ಲೋ ಡ್ರಿಲ್ ಪ್ರೆಸ್ಸಿನಲ್ಲೋ ನಿಧಾನಕ್ಕೆ ಒತ್ತಿ. ಡ್ರಿಲ್ ಪ್ರೆಸ್ ಆದರೆ ಮೋಟರ್ ಆಫ್, ಹಿಡಿಕೆ ಮಾತ್ರ ಎಳೆಯಿರಿ.

ಬಿಸಿ ವಿಷಯದಲ್ಲೂ ಎಚ್ಚರ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳಕೊಳ್ಳೋಕೆ ಶುರು ಮಾಡುತ್ತೆ. ಹೆಚ್ಚಿನ ದರ್ಜೆಯದು 150ರವರೆಗೆ ತಡೆಯುತ್ತೆ, ನಿಮ್ಮದು ಯಾವುದು ಅಂತ ನೋಡಿ ಹೇಳೋಕಾಗಲ್ಲ. ಹಾಟ್ ಏರ್ ಗನ್ ಬೇಡ. ಐರನ್ ಇಂಪೆಲ್ಲರಿನ ಮಧ್ಯದ ಗುಬ್ಬಿಗೇ (ಹಬ್) ಹಿಡಿಯಿರಿ, ಶಾಫ್ಟಿಗಲ್ಲ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಬಿಗಿತ ಸಡಿಲ ಆಗೋದು ಅದರಿಂದಲೇ.

ಇನ್ನೂ ಮುಖ್ಯವಾದದ್ದು: ತೆಗೆಯೋ ಮೊದಲು ಶಾಫ್ಟ್ ತುದಿಗೂ ಇಂಪೆಲ್ಲರಿಗೂ ಸೇರಿಸಿ ಮಾರ್ಕರಲ್ಲಿ ಒಂದು ಗೆರೆ ಎಳೆಯಿರಿ. ವರ್ನಿಯರಲ್ಲಿ ಶಾಫ್ಟ್ ತುದಿಯಿಂದ ಇಂಪೆಲ್ಲರ್ ಎಷ್ಟು ಒಳಗಿದೆ ಅಳೆದು ಬರೆದಿಡಿ. ಫ್ಯಾಕ್ಟರಿಯಲ್ಲಿ ಬ್ಯಾಲೆನ್ಸ್ ಮಾಡಿದ ಜೋಡಿ ಅದು. ಅದೇ ಕೋನ, ಅದೇ ಆಳಕ್ಕೆ ಮತ್ತೆ ಕೂರಬೇಕು.

ತಿರುಪುಳಿ_ಹಾಸನ
ಬಂತು! ಡ್ರಿಲ್ ಪ್ರೆಸ್ಸಿನಲ್ಲಿ ಒತ್ತಿದೆ. ಟಕ್ ಅಂತ ಬಿಟ್ಟುಕೊಂಡಿತು. ಆಯಸ್ಕಾಂತ ಸರಿ ಇದೆ. ಮುಂದಿನ ಬೇರಿಂಗಿನ ಶೀಲ್ಡ್ ಸುತ್ತ ಅದೇ ಬಿಳಿ ಪುಡಿ, ಗ್ರೀಸಿನ ಜೊತೆ ಸೇರಿ ಕಂದು ಪೇಸ್ಟ್ ಆಗಿದೆ. ಹಿಂದಿನ ಬೇರಿಂಗ್ ನುಣ್ಣಗೆ ತಿರುಗುತ್ತೆ. ಅದರ ಹಿಂದೆ ಅಲೆಅಲೆಯಾಗಿರೋ ತೆಳು ವಾಷರ್ ಒಂದು ಬಿತ್ತು. ಬೇರಿಂಗ್ ಅಳತೆ ಒಳವ್ಯಾಸ 3, ಹೊರವ್ಯಾಸ 8, ದಪ್ಪ 4 ಮಿಲಿಮೀಟರ್. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತಾ?

ಸುಮಾ_ಪೀಣ್ಯ
ಆ ಅಳತೆಯ ಬೇರಿಂಗ್ ನಂಬರ್ 693. ಸಿಗುತ್ತೆ, ಆದರೆ ಮಾಮೂಲಿ 693ಝಡ್‌ಝಡ್ ತರಬೇಡಿ. ಅದರ ಕ್ಯಾಟಲಾಗ್ ಮಿತಿ ನಿಮ್ಮ ಮೋಟರಿನ ವೇಗಕ್ಕಿಂತ ಬಹಳ ಕೆಳಗಿದೆ. ಸಿರಾಮಿಕ್ ಗುಂಡಿನ ಹೈಬ್ರಿಡ್, ಹೈ ಸ್ಪೀಡ್ ಗ್ರೀಸ್ ಇರೋದು ಕೇಳಿ. ಎರಡೂ ಬದಲಾಯಿಸಿ, ಹಿಂದಿನದು ನುಣ್ಣಗಿದ್ದರೂ ಸರಿ. ಆ ಅಲೆ ವಾಷರ್ ಕಳೀಬೇಡಿ, ಬೇರಿಂಗಿಗೆ ಪ್ರೀಲೋಡ್, ಅಂದ್ರೆ ಸದಾ ಒತ್ತಿ ಹಿಡಿಯೋ ಸಣ್ಣ ಬಲ, ಕೊಡೋದು ಅದೇ. ಅದಿಲ್ಲದೆ ಜೋಡಿಸಿದರೆ ಗುಂಡುಗಳು ಉರುಳೋ ಬದಲು ಜಾರ್ತವೆ.

ಇಂಪೆಲ್ಲರ್ ಪದರ ತೆಗೆಯೋಕೆ ವಿನೆಗರಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿ, ತಕ್ಷಣ ತೊಳೀರಿ. ಚಾಕು, ಎಮೆರಿ ಪೇಪರ್ ತಾಗಿಸಬೇಡಿ. ರಾತ್ರಿಯಿಡೀ ನೆನೆಹಾಕಬೇಡಿ, ಅಲ್ಯೂಮಿನಿಯಂ ತಿಂದುಬಿಡುತ್ತೆ.

ತಿರುಪುಳಿ_ಹಾಸನ
ಬೇರಿಂಗ್ ಹಾಕಿ ಜೋಡಿಸಿದೆ, ಗೆರೆ ಗೆರೆಗೆ ಕೂಡಿಸಿ, ಆಳ ಅಳೆದು. ಲೋ ಮೋಡಲ್ಲಿ ಆರಾಮಾಗಿ ಓಡ್ತಿದೆ, ಕಟ್ ಆಗ್ತಿಲ್ಲ. ಬೂಸ್ಟಲ್ಲಿ ಮಾತ್ರ ಹಿಡಿಕೆಯಲ್ಲಿ ಸಣ್ಣ ನಡುಕ, ಮೊದಲಿಲ್ಲದ ಝುಂಯ್ ಶಬ್ದ. ನಿಮ್ಮ ಪೀಣ್ಯದಲ್ಲಿ ಬ್ಯಾಲೆನ್ಸ್ ಮಾಡಿಕೊಡ್ತಾರಾ ಮೇಡಂ?

ಸುಮಾ_ಪೀಣ್ಯ
ನಮ್ಮ ಮಷೀನು ಕಿಲೋಗಟ್ಟಲೆ ತೂಕದ ಸ್ಪಿಂಡಲ್ಲಿಗೆ. ಗ್ರಾಂ ಲೆಕ್ಕದ ರೋಟರನ್ನ ಅದು ಗುರುತಿಸೋದೇ ಇಲ್ಲ. ರೆಕ್ಕೆಗಳ ಬುಡದಲ್ಲಿ ಪುಟ್ಟಿ ಇನ್ನೂ ಉಳಿದಿದೆಯಾ ಲೆನ್ಸ್ ಹಿಡಿದು ನೋಡಿ. ಏನೂ ಇಲ್ಲ ಅಂದರೆ ಬೂಸ್ಟ್ ಬಳಸಬೇಡಿ. ಬಲ ವೇಗದ ವರ್ಗಕ್ಕೆ ಏರುತ್ತೆ, ಸ್ಪೀಡ್ ಅರ್ಧಕ್ಕಿಳಿದರೆ ನಡುಕದ ಬಲ ಕಾಲು ಭಾಗ.

ತಿರುಪುಳಿ_ಹಾಸನ
ಎರಡು ರೆಕ್ಕೆ ಬುಡದಲ್ಲಿ ಸಿಕ್ತು, ತೆಗೆದೆ. ನಡುಕ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಲೋ ಮೋಡಲ್ಲೇ ಬಳಸ್ತೀನಿ. ಮಹಡಿ ಮೇಲೆ ಇನ್ನೊಂದು ರೂಮಿನ ಪುಟ್ಟಿ ಕೆಲಸ ಬಾಕಿ ಇದೆ. ಉಡುಪಿ ಅಣ್ಣ, ಆ ಬಕೆಟ್ ಸೈಕ್ಲೋನಿನ ಅಳತೆ ಮತ್ತೆ ಪೈಪ್ ಸೈಜ್ ಕಳಿಸಿ.

ಉಡುಪಿ_ಟೂಲ್‌ಬಾಕ್ಸ್
ನಾಳೆ ಅಳೆದು ಹಾಕ್ತೇನೆ. ಕಾರ್ಡ್‌ಲೆಸ್ಸಿಗೆ ಅದನ್ನು ಜೋಡಿಸಬೇಡಿ, ಎಳೆತ ಸಾಲುವುದಿಲ್ಲ. ವೈರ್ ಇರುವ ವ್ಯಾಕ್ಯೂಮ್ ಬಾಡಿಗೆಗೆ ತನ್ನಿ.