ಯೇಸುಸ್ವಾಮಿ ಯಾಕೆ ನೇರವಾಗಿ ಹೇಳಲಿಲ್ಲ? ದೊಡ್ಡಮ್ಮನ ವಾಯ್ಸ್

ಮಗಾ, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಹಿಂದೆ ಕೇಳುವ ಶಬ್ದ ಪಂಪಿನದು. ನಾಲ್ಕು ದಿನ ಬಿಡದೆ ಸುರಿದ ಮಳೆ ಇವತ್ತು ನಿಂತಿದೆ, ಅಡಿಕೆಗೆ ಮದ್ದು ಬಿಡುವವರು ಬಂದಿದ್ದಾರೆ.

ಭಾನುವಾರ ಪೂಜೆಯಲ್ಲಿ ಬಿತ್ತುವವನ ಸಾಮತಿ, ಅಂದರೆ ಹೋಲಿಕೆಯ ಕತೆ, ಓದಿದರು, ಯೇಸುಸ್ವಾಮಿ ನೇರವಾಗಿ ಹೇಳುವುದು ಬಿಟ್ಟು ಕತೆ ಯಾಕೆ ಹೇಳಿದರು ಅಂತ ಕೇಳಿದ್ದೀ. ಅದರಲ್ಲೂ 'ಕೇಳಿಯೂ ತಿಳಿಯದ ಹಾಗೆ' ಕತೆ ಹೇಳುತ್ತೇನೆ ಅಂತ ಅವರೇ ಅಂದದ್ದು ಬೇರೆ ಉಂಟಲ್ಲ, ಅದೇನು ಅಂತ. ಹಳ್ಳಿ ಜನಕ್ಕೆ ಸುಲಭವಾಗಲಿ ಅಂತ ಕತೆ ಹೇಳಿದ್ದು ಅಂತ ಇಲ್ಲೇ ಗ್ರೂಪಿನಲ್ಲಿ ಒಬ್ಬರು ಬರೆದಿದ್ದಾರೆ. ಬೇಜಾರು ಮಾಡಬೇಡಿ, ನನಗೆ ಅದು ಒಪ್ಪಿಗೆಯಿಲ್ಲ. ಅಷ್ಟು ಸುಲಭವಾಗಿದ್ದರೆ ಶಿಷ್ಯರಿಗೇ ಯಾಕೆ ತಿಳಿಯಲಿಲ್ಲ?

ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 4ನೇ ಅಧ್ಯಾಯ ತೆಗೆದು ನೋಡು. ಬೀಜ ದಾರಿಯಲ್ಲಿ ಬಿತ್ತು, ಕಲ್ಲಿನ ಮೇಲೆ ಬಿತ್ತು, ಮುಳ್ಳಿನಲ್ಲಿ ಬಿತ್ತು, ಒಳ್ಳೆ ಮಣ್ಣಿನಲ್ಲೂ ಬಿತ್ತು. ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡೆ ಕಂಡವರಿಗೆ ಕಲ್ಲಿನ ಮೇಲಿನ ಬೀಜದ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಸಿರೋ ಹಸಿರು, ಮಳೆ ಹೋದ ಸ್ವಲ್ಪ ದಿನಕ್ಕೆ ಹುಲ್ಲೆಲ್ಲ ಒಣಗಿ ಕಡ್ಡಿ. ಆದರೆ ಇದೆಲ್ಲ ಯಾವುದಕ್ಕೆ ಹೋಲಿಕೆ ಅಂತ ಯೇಸುಸ್ವಾಮಿ ಜನರ ಗುಂಪಿಗೆ ಹೇಳುವುದೇ ಇಲ್ಲ. ಆಮೇಲೆ ಅವರೊಬ್ಬರೇ ಇದ್ದಾಗ ಹನ್ನೆರಡು ಮಂದಿ ಶಿಷ್ಯರು, ಜೊತೆಗೆ ಇನ್ನೂ ಕೆಲವರು ಬಂದು ಕೇಳುತ್ತಾರೆ. ಅವರಿಗೆ ಬಿಡಿಸಿ ಹೇಳುತ್ತಾರೆ. ಶಿಷ್ಯರೇನು ಜಾಸ್ತಿ ಜಾಣರಲ್ಲ. ಅವರಿಗೂ ಅರ್ಥವಾಗಿರಲಿಲ್ಲ, ಆದರೆ ಉಳಿದು ಕೇಳಿದರು.

ಆ 'ತಿಳಿಯದ ಹಾಗೆ' ಮಾತು ಮೂಲದಲ್ಲಿ ಹಳೆ ಒಡಂಬಡಿಕೆಯ ಪ್ರವಾದಿ ಯೆಶಾಯನ ಪುಸ್ತಕದ 6ನೇ ಅಧ್ಯಾಯದ್ದು. ಮಾರ್ಕ ಅದನ್ನು 'ತಿಳಿಯದಿರಲಿ ಎಂದು' ಅನ್ನುವ ಹಾಗೆ ಬರೆದರೆ, ಇನ್ನೊಂದು ಶುಭಸಂದೇಶದ ಮತ್ತಾಯ 'ಅವರು ಕಂಡೂ ಕಾಣುವುದಿಲ್ಲ, ಅದಕ್ಕೇ ಸಾಮತಿ' ಅನ್ನುತ್ತಾನೆ. ಪಂಡಿತರು ಇದರ ಮೇಲೆ ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ನಾನು ಮತ್ತಾಯನ ಕಡೆ. ಮಾರ್ಕನದ್ದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಮತ್ತೆ, ಕೆಲವು ಮಾತು ಮುಖಕ್ಕೆ ಹೇಳಿದರೆ ಒಳಗೆ ಹೋಗುವುದಿಲ್ಲ. ಮಗಳಿಗೆ ಹೇಳಿದ ಹಾಗೆ ಮಾಡಿ ಸೊಸೆಗೆ ಮುಟ್ಟಿಸುವ ವಿದ್ಯೆ ನಮ್ಮ ಮನೆಯ ಹಿರಿಯರಿಗೆ ಗೊತ್ತಿರಲಿಲ್ವಾ? ಪ್ರವಾದಿ ನಾಥಾನ ದಾವೀದ ರಾಜನಿಗೆ ಅದನ್ನೇ ಮಾಡಿದ್ದು. ರಾಜ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿ, ಅವನನ್ನು ಯುದ್ಧದಲ್ಲಿ ಸಾಯಿಸಿದ್ದ. ನಾಥಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸಿದ ಅಂತ ಕತೆ ಹೇಳಿದ. ದಾವೀದನಿಗೆ ಕೆಂಡದಂಥ ಕೋಪ. ಅಂಥವನು ಸಾಯಬೇಕು ಅಂದ. 'ಆ ಮನುಷ್ಯ ನೀನೇ' ಅಂದ ನಾಥಾನ. ತೀರ್ಪು ಆಗಲೇ ರಾಜನ ಬಾಯಿಂದಲೇ ಬಂದಾಗಿತ್ತು.

ನನಗೆ ಹಾಗೆ ತಾಗಿದ್ದು ಮತ್ತಾಯ 20, ದ್ರಾಕ್ಷಿ ತೋಟದ ಆಳುಗಳದ್ದು. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಂದವನಿಗೂ ಒಂದೇ ಸಂಬಳ! ಈ ಮನೆಯ ಲೆಕ್ಕ ಬರೆಯುವವಳು ನಾನು. ಸಿಟ್ಟು ಬಾರದೆ ಇರುತ್ತದಾ? ಒಮ್ಮೆ ಹೀಗೇ ಮದ್ದು ಬಿಡುವಾಗ ಹತ್ತು ಗಂಟೆಗೇ ಮಳೆ ಹಿಡಿಯಿತು. ಅಪ್ಪ ಆಳುಗಳಿಗೆ ಇಡೀ ದಿನದ ಸಂಬಳ ಕೊಟ್ಟು ಕಳಿಸಿದರು. ನಾನು ಗೊಣಗಿದೆ. 'ಅವರ ಮನೆಯಲ್ಲಿ ಇವತ್ತು ಅರ್ಧ ಅನ್ನ ಬೇಯಿಸುತ್ತಾರಾ?' ಅಂತ ಕೇಳಿದರು. ಅಂದಿನಿಂದ ಆ ಸಾಮತಿ ಓದುವಾಗೆಲ್ಲ ಗೊಣಗುವವರ ಸಾಲಿನಲ್ಲಿ ನಾನೂ ನಿಂತಿರುತ್ತೇನೆ. ಸಿಟ್ಟು ಪೂರ್ತಿ ಹೋಗಿದೆ ಅಂತ ಸುಮ್ನೆ ಸುಳ್ಳು ಹೇಳುವುದಿಲ್ಲ.

ಅದಕ್ಕೇ, ನೀನು ಇಗರ್ಜಿಯಲ್ಲಿ ಮಕ್ಕಳಿಗೆ ಕ್ಲಾಸ್ ಮಾಡುವಾಗ 'ಇದರ ನೀತಿ ಏನು' ಅಂತ ಕೇಳಬೇಡ. ನೀವು ಈ ಕತೆಯಲ್ಲಿ ಯಾರು ಅಂತ ಕೇಳಿ ನೋಡು, ಗಲಾಟೆ ಆಗುತ್ತದೆ, ಆಗಲಿ.

ಅಯ್ಯೋ, ಹನಿ ಬಿತ್ತು. ಕೇಳಿತಾ? ಮದ್ದಿನವರು ಮರದಿಂದ ಇಳಿಯುತ್ತಿದ್ದಾರೆ. ಗಂಟೆ ಹನ್ನೊಂದೂ ಆಗಲಿಲ್ಲ, ಅರ್ಧ ತೋಟವೂ ಮುಗಿಯಲಿಲ್ಲ. ಈಗ ಸಂಬಳ ಕೊಡುವವಳು ನಾನೇ ಅಲ್ವಾ... ಇಡುತ್ತೇನೆ ಮಗಾ, ಜಗಲಿಗೆ ಹೋಗಬೇಕು.