ಅಪ್‌ಡೇಟ್: ಅಮ್ಮನ ಮಂಡಿಚಿಪ್ಪು ಕೆಳಗೆ ಕೂತ ವಿಷಯ

ಎರಡನೇ ಸಲ ಮಂಡಿ ಬದಲಿಸಿದ ಮೇಲೆ ಅಮ್ಮನ ಚಿಪ್ಪು ಕೆಳಗೆ ಕೂತಿದೆ, ಮೆಟ್ಟಿಲು ಹತ್ತುವಾಗ ಮುಂಭಾಗದಲ್ಲಿ ನೋವು ಅಂತ ಕೇಳಿದ್ದೆ. ನೀವು ಹೇಳಿದಂತೆ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಚಿಪ್ಪಿನ ಉದ್ದವನ್ನೂ ಅದರ ಕೆಳಗಿನ ಟೆಂಡನ್ (ಚಿಪ್ಪನ್ನು ಮೊಣಕಾಲಿನ ಕೆಳಗಿನ ಮೂಳೆಗೆ ಕಟ್ಟುವ ಗಟ್ಟಿ ನಾರು) ಉದ್ದವನ್ನೂ ನಮ್ಮೆದುರೇ ಅಳೆದರು. ಟೆಂಡನ್ ಉದ್ದವನ್ನು ಚಿಪ್ಪಿನ ಉದ್ದದಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಟೆಂಡನ್ ಗಿಡ್ಡವಾಗಿದೆ ಎಂದರ್ಥ. ಅಮ್ಮನದು ಹೆಚ್ಚುಕಮ್ಮಿ 1. ಅಂದರೆ ಚಿಪ್ಪು ಇಳಿದಿಲ್ಲ, ಕೀಲಿನ ಗೆರೆಯೇ (ತೊಡೆಮೂಳೆ ಮತ್ತು ಕೆಳಗಿನ ಮೂಳೆ ಸೇರುವ ಮಟ್ಟ) ಮೇಲೇರಿದೆ, ಅದಕ್ಕೇ ಚಿಪ್ಪು ಕೆಳಗೆ ಕೂತಂತೆ ಕಾಣುತ್ತದೆ! ಮೂಳೆ ಕಳೆದುಹೋದ ಮಂಡಿಗೆ ಕೃತಕ ಕೀಲಿನ ಲೋಹದ ಭಾಗಗಳ ನಡುವೆ ದಪ್ಪ ಪ್ಲಾಸ್ಟಿಕ್ ಹಾಕಿದಾಗ ಹೀಗಾಗಬಹುದಂತೆ. ಲೋಹದ ಭಾಗಗಳು ತಿರುಗಿ ಕೂತಿವೆಯಾ ಅಂತ ಸಿಟಿ ಸ್ಕ್ಯಾನ್ ಕೂಡ ಮಾಡಿಸಿದರು, ಅದು ಸರಿಯಿದೆ. ಸದ್ಯಕ್ಕೆ ಆಪರೇಷನ್ ಬೇಡ, ತೊಡೆಗೆ ಫಿಸಿಯೋಥೆರಪಿ, ಕೂರಲು ಎತ್ತರದ ಕುರ್ಚಿ. ನೋವು ಪೂರ್ತಿ ಹೋಗಿಲ್ಲ, ಆದರೆ ಕಾರಣ ಗೊತ್ತಾದ ಮೇಲೆ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.